ಜಾತ್ರೆ ಹೊಲದಲ್ಲಿ, ಅಂಗಡಿ ಪೇಟೆಯಲ್ಲಿ

ಜಾತ್ರೆ ನಡೆಯುವ ಊರಲ್ಲಿ ಅಂಗಡಿ ಇಟ್ಟವರನ್ನು ಕೇಳಿ ನೋಡಿ. "ಈ ಸಲ ಒಳ್ಳೆ ವ್ಯಾಪಾರ ಆಗಿರಬೇಕಲ್ಲ?" ಅಂದರೆ ಅರ್ಧ ಜನ ಸುಮ್ನೆ ನಗುತ್ತಾರೆ. ಜಾತ್ರೆಗೆ ಬಂದವರು ಬಳೆ, ಬೆಂಡು ಬತ್ತಾಸು, ತೊಟ್ಟಿಲು ಅಂತ ಬಯಲಿನಲ್ಲೇ ದುಡ್ಡು ಖಾಲಿ ಮಾಡಿ ಬಸ್ಸು ಹತ್ತುತ್ತಾರೆ. ಪೇಟೆಯ ಬಟ್ಟೆ ಅಂಗಡಿಯವನಿಗೆ ಉಳಿಯುವುದು ಧೂಳು, ಬಾಗಿಲಿಗೆ ಅಡ್ಡ ನಿಲ್ಲಿಸಿದ ಬೈಕು, ಆಮೇಲೆ "ಇಲ್ಲಿ ಕುಡಿಯೋ ನೀರು ಎಲ್ಲಿ ಸಿಗುತ್ತೆ" ಅನ್ನುವ ಪ್ರಶ್ನೆ. ಆದರೆ ಜಾತ್ರೆ ನಿಲ್ಲಿಸೋಣ ಅಂತ ಯಾರಾದರೂ ಬಾಯಿ ತೆಗೆದರೆ ಮೊದಲು ಜಗಳಕ್ಕೆ ಬರುವವನೂ ಅವನೇ.

ಈ ಗೊಂದಲ ನಮ್ಮದೊಂದೇ ಅಲ್ಲ. ಇದನ್ನು ಅರವತ್ತು ವರ್ಷ ಉದ್ದಕ್ಕೆ, ಬಿಡಿಬಿಡಿಯಾಗಿ ನೋಡಲು ಸಿಗುವ ಒಂದು ಊರಿದೆ. ಬ್ರಿಟನ್ನಿನ ವೇಲ್ಸ್‌ನಲ್ಲಿ, ಇಂಗ್ಲೆಂಡ್ ಗಡಿಗೆ ಅಂಟಿಕೊಂಡ ಹೇ-ಆನ್-ವೈ. ವೈ ನದಿಯ ದಂಡೆಯ ಪುಟ್ಟ ಪೇಟೆ. ಎರಡು ಸಾವಿರಕ್ಕೂ ಕಡಿಮೆ ಜನ. ಪುಸ್ತಕ ಓದುವವರಿಗೆ ಈ ಹೆಸರು ಗೊತ್ತಿರುತ್ತದೆ, ಆದರೆ ಗೊತ್ತಿರುವುದು ಸಾಮಾನ್ಯವಾಗಿ ಅಲ್ಲಿನ ಸಾಹಿತ್ಯ ಉತ್ಸವ. ನನಗೆ ಹೇಳಬೇಕಿರುವುದು ಅದರ ಪಕ್ಕದ ಕತೆ. ಹಳೆ ಪುಸ್ತಕದ ಅಂಗಡಿ ಮೊದಲು ಬಂತು, ಉತ್ಸವ 26 ವರ್ಷ ಆದಮೇಲೆ ಬಂತು. ಆ ಎರಡಕ್ಕೂ ಒಂದೇ ಮನೆಯ ಅಣ್ಣ ತಮ್ಮಂದಿರ ಥರದ ಸಂಬಂಧ: ಒಬ್ಬರಿಲ್ಲದೆ ಒಬ್ಬರಿಲ್ಲ, ಒಬ್ಬರನ್ನು ಕಂಡರೆ ಒಬ್ಬರಿಗೆ ಅಷ್ಟಕ್ಕಷ್ಟೆ.

ಮೊದಲು ಜಾಗದ ಅಂದಾಜು ಸಿಗಲಿ. ಹೇ ಇರುವುದು ಪೊವಿಸ್ ಅನ್ನುವ ಕೌಂಟಿಯಲ್ಲಿ. ಕೌಂಟಿ ಅಂದರೆ ನಮ್ಮ ಜಿಲ್ಲೆ ಇದ್ದ ಹಾಗೆ ಅಂದುಕೊಳ್ಳಿ. ವಿಸ್ತೀರ್ಣದಲ್ಲಿ ವೇಲ್ಸ್‌ನ ಅತಿ ದೊಡ್ಡ ಕೌಂಟಿ ಅದು, ಸುಮಾರು 5,200 ಚದರ ಕಿಲೋಮೀಟರ್. ಜನಸಂಖ್ಯೆ 2021ರ ಜನಗಣತಿಯಲ್ಲಿ 1.33 ಲಕ್ಷ. ಕರ್ನಾಟಕದಲ್ಲಿ ಅತಿ ಕಡಿಮೆ ಜನ ಇರುವ ಜಿಲ್ಲೆ ಕೊಡಗು. ಅದು ಪೊವಿಸ್‌ಗಿಂತ ಚಿಕ್ಕದು, ಆದರೂ 2011ರಲ್ಲೇ ಅಲ್ಲಿ ಐದೂವರೆ ಲಕ್ಷ ಜನ ಇದ್ದರು. ಅಷ್ಟು ಖಾಲಿ ಜಾಗ ಪೊವಿಸ್. ಗುಡ್ಡ, ಹುಲ್ಲು, ಕುರಿ, ಮಳೆ. ಓದಿದ ಹುಡುಗರು ಊರು ಬಿಡುತ್ತಾರೆ. ಪೇಟೆಗಳು ಕುರಿ ಸಾಕುವವರ ಕೊಡುಕೊಳ್ಳುವಿಕೆಗೆ ಅಂತ ಹುಟ್ಟಿದವು. ಹೇ ಕೂಡ ಹಾಗೇ. ಊರ ನಡುವೆ 1833ರ ಬೆಣ್ಣೆ ಮಾರುಕಟ್ಟೆ ಇನ್ನೂ ನಿಂತಿದೆ, ಪಕ್ಕದಲ್ಲೇ ಚೀಸ್ ಮಾರುಕಟ್ಟೆಯ ಕಟ್ಟಡ. ಗುರುವಾರದ ಸಂತೆ ಈಗಲೂ ತಪ್ಪದೆ ಸೇರುತ್ತದೆ.

ಈ ಊರಿಗೆ ಒಂದು ರೈಲು ಇತ್ತು. 1962ರ ಡಿಸೆಂಬರ್ 31ಕ್ಕೆ ಅದೂ ನಿಂತಿತು. ಇವತ್ತಿಗೂ ಹತ್ತಿರದ ರೈಲು ನಿಲ್ದಾಣ ಅಂದರೆ ಮೂವತ್ತು ಕಿಲೋಮೀಟರ್ ಆಚೆಯ ಹೆರೆಫರ್ಡ್. ಅಲ್ಲಿಂದ ಬಸ್ಸೇ ಗತಿ.

ಹಳೆ ಫೈರ್ ಸ್ಟೇಷನ್ನಿನ ಅಂಗಡಿ

ರೈಲು ನಿಲ್ಲುವ ಹೊತ್ತಿಗೇ, 1962ರ ಸುಮಾರಿಗೆ, ರಿಚರ್ಡ್ ಬೂತ್ ಅನ್ನುವ ಇಪ್ಪತ್ತು ಚಿಲ್ಲರೆ ವಯಸ್ಸಿನ ಹುಡುಗ ಊರಿನ ಹಳೆ ಫೈರ್ ಸ್ಟೇಷನ್ನಿನಲ್ಲಿ ಸೆಕೆಂಡ್ ಹ್ಯಾಂಡ್ ಅಂಗಡಿ ತೆರೆದ. ಆಕ್ಸ್‌ಫರ್ಡ್‌ನಲ್ಲಿ ಓದಿ ಬಂದವನು. ಪಕ್ಕದ ಹಳ್ಳಿಯಲ್ಲಿ ಅವರ ಮನೆಯಿತ್ತು. ಲಂಡನ್ನಿಗೆ ಹೋಗಿ ಕೆಲಸ ಹಿಡಿಯುವುದು ಬಿಟ್ಟು ಈ ಮೂಲೆಯಲ್ಲಿ ಹಳೆ ಪುಸ್ತಕ ಮಾರಲು ಕೂತ. ಊರಿನವರಿಗೆ ಇದು ಹುಚ್ಚು ಅನ್ನಿಸಿದ್ದರೆ ಅವರ ತಪ್ಪೇನಿಲ್ಲ.

ಆದರೆ ಲೆಕ್ಕ ಹಾಕಿ ನೋಡಿದರೆ ಹುಚ್ಚೇನೂ ಅಲ್ಲ. ಆಗ ಬ್ರಿಟನ್ನಿನಲ್ಲಿ ಹಳೆ ಪುಸ್ತಕ ರಾಶಿ ರಾಶಿಯಾಗಿ ಹೊರಗೆ ಬೀಳುತ್ತಿತ್ತು. ಹಳ್ಳಿಯ ದೊಡ್ಡ ಬಂಗಲೆಗಳನ್ನು ಸಾಕಲಾರದೆ ಶ್ರೀಮಂತರು ಮಾರುತ್ತಿದ್ದರು, ಜೊತೆಗೆ ತಲೆಮಾರುಗಳಿಂದ ಕೂಡಿಟ್ಟ ಪುಸ್ತಕವೂ ಹೋಗುತ್ತಿತ್ತು. ದಕ್ಷಿಣ ವೇಲ್ಸ್‌ನ ಕಲ್ಲಿದ್ದಲು ಗಣಿ ಕಾರ್ಮಿಕರು ತಮ್ಮ ಕೂಲಿಯಲ್ಲಿ ಕಾಸು ಕೂಡಿಸಿ ಕಟ್ಟಿಕೊಂಡಿದ್ದ ಲೈಬ್ರರಿಗಳು ಒಂದೊಂದಾಗಿ ಮುಚ್ಚುತ್ತಿದ್ದವು. ಬೂತ್ ಅವನ್ನೆಲ್ಲ ಕೊಂಡ. ಅಮೆರಿಕಕ್ಕೂ ಹೋದ. ಊರಿನ ಗಟ್ಟಿಮುಟ್ಟಾದ ಆಳುಗಳನ್ನು ಕರೆದುಕೊಂಡು ಹೋಗಿ, ಮುಚ್ಚುತ್ತಿದ್ದ ಲೈಬ್ರರಿಗಳನ್ನು ಸಾರಾಸಗಟು ಕೊಂಡು, ಕಂಟೇನರ್‌ಗಳಲ್ಲಿ ತುಂಬಿಸಿ ಹಡಗಿನಲ್ಲಿ ಊರಿಗೆ ತಂದ.

ಪುಸ್ತಕ ಕೊಳೆಯುವ ಸರಕಲ್ಲ. ಹಾಲು, ತರಕಾರಿಯ ಹಾಗೆ ಸಂಜೆಯೊಳಗೆ ಮಾರಲೇಬೇಕು ಅನ್ನುವ ಅವಸರವಿಲ್ಲ. ಒಂದೇ ತೊಂದರೆ, ಜಾಗ ತಿನ್ನುತ್ತದೆ. ಬಡವಾಗುತ್ತಿರುವ ಹಳ್ಳಿ ಪೇಟೆಯಲ್ಲಿ ಅಗ್ಗಕ್ಕೆ ಸಿಗುವುದು ಜಾಗ ಒಂದೇ ತಾನೆ? ಮುಚ್ಚಿದ ಸಿನಿಮಾ ಥಿಯೇಟರ್, ಊರ ನಡುವಿನ ಪಾಳುಬಿದ್ದ ಕೋಟೆ, ಹೀಗೆ ಸಿಕ್ಕ ಸಿಕ್ಕ ಕಟ್ಟಡವನ್ನೆಲ್ಲ ಬೂತ್ ಕೊಂಡು ಪುಸ್ತಕ ತುಂಬಿದ. ಕಪಾಟು ಮಾಡಲು ಬಡಗಿ ಬೇಕು, ಮೂಟೆ ಹೊರಲು ಆಳು ಬೇಕು, ಬೇರ್ಪಡಿಸಿ ಜೋಡಿಸಲು ಓದು ಬಲ್ಲವರು ಬೇಕು. ಊರಿನವರಿಗೆ ಕೆಲಸ ಸಿಕ್ಕಿತು. ಅವನ ಹತ್ತಿರ ಕೆಲಸ ಕಲಿತವರಲ್ಲಿ ಹಲವರು ಹೊರಗೆ ಬಂದು ಪಕ್ಕದಲ್ಲೇ ಸ್ವಂತ ಅಂಗಡಿ ಹಾಕಿದರು.

ಹೊಸ ಅಂಗಡಿ ಬಂದರೆ ಹಳೆ ಅಂಗಡಿಗೆ ನಷ್ಟ ಅಂತ ನಾವು ಅಂದುಕೊಳ್ಳುತ್ತೇವೆ. ಇಲ್ಲಿ ಉಲ್ಟಾ ಆಯಿತು. ಸೀರೆಗೆ ಅಂತ ಇಳಕಲ್ಲಿಗೆ ಹೋಗುವವರು ಒಂದು ಅಂಗಡಿಯ ಹೆಸರು ನೆನಪಿಟ್ಟು ಹೋಗುವುದಿಲ್ಲ, ಊರಿಗೆ ಹೋಗುತ್ತಾರೆ. ಒಂದರಲ್ಲಿ ಸಿಗದಿದ್ದರೆ ಇನ್ನೊಂದರಲ್ಲಿ ಸಿಗುತ್ತದೆ ಅನ್ನುವ ಧೈರ್ಯ ಇರುತ್ತದೆ. ಹಳೆ ಪುಸ್ತಕಕ್ಕೆ ಈ ಧೈರ್ಯ ಇನ್ನೂ ಜಾಸ್ತಿ ಬೇಕು, ಯಾಕೆಂದರೆ ಅಲ್ಲಿ ಪ್ರತಿ ಪುಸ್ತಕವೂ ಒಂದೇ ಪ್ರತಿ. ಹತ್ತು ಅಂಗಡಿ ಸೇರಿದರೆ ಲಂಡನ್ನಿನಿಂದ ನಾಲ್ಕು ತಾಸು ಗಾಡಿ ಓಡಿಸಿಕೊಂಡು ಬರಲು ಒಂದು ಕಾರಣ ಹುಟ್ಟುತ್ತದೆ. ಇಪ್ಪತ್ತಾದರೆ ರಾತ್ರಿ ಅಲ್ಲೇ ಉಳಿಯಲು ಕಾರಣ ಹುಟ್ಟುತ್ತದೆ. ಒಂದು ಕಾಲಕ್ಕೆ ಅಲ್ಲಿ ಸುಮಾರು ನಲವತ್ತು ಪುಸ್ತಕದಂಗಡಿಗಳಾದವು. ಕಾವ್ಯಕ್ಕೇ ಒಂದು, ಪತ್ತೇದಾರಿ ಕತೆಗೇ ಒಂದು, ಮಕ್ಕಳ ಪುಸ್ತಕಕ್ಕೇ ಒಂದು, ಹಳೆ ನಕಾಶೆಗೇ ಒಂದು.

ರಾಜ, ಅವನ ಕುದುರೆ, ಅಕ್ಕಿ ಕಾಗದದ ನೋಟು

1977ರ ಏಪ್ರಿಲ್ 1ರಂದು ಬೂತ್ ಹೇ ಊರನ್ನು ಸ್ವತಂತ್ರ ರಾಜ್ಯ ಅಂತ ಸಾರಿದ. ತಾನೇ ರಾಜ. ತನ್ನ ಕುದುರೆ ಪ್ರಧಾನ ಮಂತ್ರಿ. ರಾಜದಂಡ ಮಾಡಿದ್ದು ಟಾಯ್ಲೆಟ್ ತೊಟ್ಟಿಯೊಳಗಿನ ತೇಲುಗುಂಡು ಮತ್ತು ತಾಮ್ರದ ಪೈಪಿನಿಂದ. ಪಾಸ್‌ಪೋರ್ಟ್ ಅಚ್ಚಾಯಿತು, ಬೇಕಾದವರಿಗೆ ದುಡ್ಡಿಗೆ ಪದವಿ ಬಿರುದು ಸಿಕ್ಕಿತು, ತಿನ್ನಬಹುದಾದ ಅಕ್ಕಿ ಕಾಗದದ ಮೇಲೆ ನೋಟೂ ಬಂತು. ಏಪ್ರಿಲ್ ಒಂದು ಅಂದರೆ ಎಲ್ಲರಿಗೂ ಗೊತ್ತಿರುವ ದಿನ. ಆದರೂ ಪತ್ರಿಕೆಯವರು, ಟೀವಿಯವರು ಓಡೋಡಿ ಬಂದರು. ಒಂದು ಪೈಸೆ ಜಾಹೀರಾತಿಲ್ಲದೆ ಊರಿನ ಹೆಸರು ಪ್ರಪಂಚ ಸುತ್ತಿತು.

ತಮಾಷೆಯ ಕೆಳಗೆ ಸಿಟ್ಟಿತ್ತು. ಹಳ್ಳಿಗಾಡನ್ನು ಉದ್ಧಾರ ಮಾಡುತ್ತೇವೆ ಅಂತ ಬರುವ ಸರ್ಕಾರಿ ಮಂಡಳಿಗಳನ್ನು ಬೂತ್ ಕಂಡರೆ ಆಗುತ್ತಿರಲಿಲ್ಲ. ವೇಲ್ಸ್‌ನ ಗ್ರಾಮೀಣ ಅಭಿವೃದ್ಧಿ ಮಂಡಳಿ, ಪ್ರವಾಸೋದ್ಯಮ ಮಂಡಳಿಗಳ ವಿರುದ್ಧ ಕರಪತ್ರಗಳನ್ನೇ ಬರೆದು ಹಂಚಿದ. ಅವನ ವಾದ ಇಷ್ಟೆ: ದೊಡ್ಡ ಕಾರ್ಖಾನೆ, ಸೂಪರ್ ಮಾರ್ಕೆಟ್ ಬಂದರೆ ಸಣ್ಣ ಪೇಟೆಯ ಬೇಕರಿ, ಕಟುಕ, ಬಡಗಿ ಎಲ್ಲರೂ ಸಾಯುತ್ತಾರೆ, ಲಾಭ ಊರ ಹೊರಗೆ ಹೋಗುತ್ತದೆ. ಇದು ಅಂದಿಗೆ ಮಹಾ ಹಿಂದುಳಿದ ಮಾತು ಅನ್ನಿಸಿರಬೇಕು.

ಬೂತ್‌ನನ್ನು ದೇವರು ಮಾಡುವುದು ಬೇಡ. ಜಗಳಗಂಟ, ವ್ಯವಹಾರದಲ್ಲಿ ಸಡಿಲ. ಅದೇ 1977ರ ಕೊನೆಗೆ ಕೋಟೆಗೆ ಬೆಂಕಿ ಬಿದ್ದು ಒಂದು ಭಾಗ ಸುಟ್ಟುಹೋಯಿತು. 1980ರ ದಶಕದಲ್ಲಿ ಸಾಲ ಕುತ್ತಿಗೆಗೆ ಬಂತು, ಕಟ್ಟಡಗಳು ಒಂದೊಂದಾಗಿ ಬೇರೆಯವರ ಕೈಗೆ ಹೋದವು. ಆದರೆ ಅಷ್ಟು ಹೊತ್ತಿಗೆ ಊರು ಅವನೊಬ್ಬನ ಮೇಲೆ ನಿಂತಿರಲಿಲ್ಲ. ಈ ಪ್ರಕರಣದಲ್ಲಿ ನನಗೆ ಅತಿ ಮುಖ್ಯ ಅನ್ನಿಸುವುದು ಇದೇ. ಶುರು ಮಾಡಿದವನು ಬಿದ್ದ, ಅಂಗಡಿಗಳು ಬೀಳಲಿಲ್ಲ. ಒಬ್ಬನ ಕಾರ್ಖಾನೆಯಾಗಿದ್ದರೆ ಊರೂ ಜೊತೆಗೆ ಬೀಳುತ್ತಿತ್ತು.

ಊರೂರು ಇದನ್ನು ನಕಲು ಮಾಡಿದವು. ಬೆಲ್ಜಿಯಂನ ರೆಡು 1984ರಲ್ಲಿ ಪುಸ್ತಕದ ಊರಾಯಿತು. ಸ್ಕಾಟ್ಲೆಂಡ್‌ನ ವಿಗ್‌ಟೌನ್ 1998ರಲ್ಲಿ. ನಮ್ಮ ಪಕ್ಕದ ಮಹಾರಾಷ್ಟ್ರದಲ್ಲಿ ಪಂಚಗಣಿ, ಮಹಾಬಳೇಶ್ವರದ ನಡುವಿನ ಸ್ಟ್ರಾಬೆರಿ ಬೆಳೆಯುವ ಭಿಲಾರ್ ಹಳ್ಳಿ 2017ರ ಮೇ ತಿಂಗಳಲ್ಲಿ "ಪುಸ್ತಕಾಂಚೆ ಗಾಂವ್" ಆಯಿತು. ಹೇ ಊರಿನಿಂದಲೇ ಈ ಯೋಚನೆ ಬಂದದ್ದು ಅಂತ ಅಲ್ಲಿನ ಸರ್ಕಾರವೇ ಹೇಳಿತು. 25 ಜಾಗ, ಸುಮಾರು 15,000 ಮರಾಠಿ ಪುಸ್ತಕಗಳಿಂದ ಶುರು. ಮನೆಯ ಪಡಸಾಲೆ, ದೇವಸ್ಥಾನದ ಕಟ್ಟೆ, ಶಾಲೆ ಎಲ್ಲ ಕಡೆ ಪುಸ್ತಕ ಇಟ್ಟರು. ಒಳ್ಳೆ ಕೆಲಸ. ಆದರೆ ವ್ಯತ್ಯಾಸ ಗಮನಿಸಿ: ಭಿಲಾರ್‌ನಲ್ಲಿ ಪುಸ್ತಕ ಕೂತು ಓದಲಿಕ್ಕೆ, ಮಾರಲಿಕ್ಕಲ್ಲ. ಕಪಾಟು, ಪುಸ್ತಕ ಕೊಟ್ಟಿದ್ದು ಸರ್ಕಾರ. ಬಂದವರು ಓದಿ, ಸ್ಟ್ರಾಬೆರಿ ತಿಂದು, ಹೋಂಸ್ಟೇಯಲ್ಲಿ ಮಲಗಿ ಹೋಗುತ್ತಾರೆ. ಅಂದರೆ ಅವರು ಎರವಲು ತಂದದ್ದು ಹೇ ಊರಿನ ಚಿತ್ರವನ್ನು, ಅದರ ವ್ಯಾಪಾರವನ್ನಲ್ಲ. ಸರ್ಕಾರದ ಮಂಡಳಿ ಅಂದರೆ ಉರಿದು ಬೀಳುತ್ತಿದ್ದ ಬೂತ್ ಇದಕ್ಕೆ ಏನನ್ನುತ್ತಿದ್ದ ಅಂತ ಊಹಿಸಿದರೆ ನಗು ಬರುತ್ತದೆ.

ಉತ್ಸವ ಬಂತು

1988. ನಾರ್ಮನ್ ಫ್ಲಾರೆನ್ಸ್, ರೋಡಾ ಫ್ಲಾರೆನ್ಸ್, ಅವರ ಮಗ ಪೀಟರ್ ಸೇರಿ ಊರಲ್ಲಿ ಒಂದು ಸಾಹಿತ್ಯ ಉತ್ಸವ ಶುರು ಮಾಡಿದರು. ಇಸ್ಪೀಟಿನಲ್ಲಿ ಗೆದ್ದ ದುಡ್ಡಿನಿಂದ ಶುರುವಾಯಿತು ಅನ್ನುವ ಕತೆಯನ್ನು ಇಂದಿಗೂ ಹೇಳುತ್ತಾರೆ. ಮಾರನೇ ವರ್ಷವೇ ಅಮೆರಿಕದ ನಾಟಕಕಾರ ಆರ್ಥರ್ ಮಿಲ್ಲರ್‌ಗೆ ಕರೆ ಹೋಯಿತು. "ಹೇ-ಆನ್-ವೈ ಅಂದರೆ ಏನು, ಸ್ಯಾಂಡ್‌ವಿಚ್ಚಾ?" ಅಂತ ಅವರು ಕೇಳಿದರಂತೆ. ಆದರೂ ಬಂದರು. 2001ರಲ್ಲಿ ಅಮೆರಿಕದ ಮಾಜಿ ಅಧ್ಯಕ್ಷ ಬಿಲ್ ಕ್ಲಿಂಟನ್ ಬಂದು "ಮನಸ್ಸಿನ ವುಡ್‌ಸ್ಟಾಕ್" (ವುಡ್‌ಸ್ಟಾಕ್ ಅಂದರೆ ಅಮೆರಿಕದ ಹೆಸರಾಂತ ಸಂಗೀತ ಜಾತ್ರೆ) ಅಂತ ಕರೆದ ಮೇಲೆ ಕೇಳಬೇಕೆ! ಮೇ ಕೊನೆಗೆ ಹತ್ತು ಹನ್ನೊಂದು ದಿನ. ಒಳ್ಳೆ ವರ್ಷದಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಟಿಕೆಟ್. ಎರಡು ಸಾವಿರ ಜನರ ಊರಿಗೆ!

ಮಿಲ್ಲರ್‌ನಂಥವರು ಈ ಮೂಲೆಗೆ ಯಾಕೆ ಬರಬೇಕು? ಊರಿನ ಹೆಸರಿನ ಜೊತೆ ಪುಸ್ತಕ ಅನ್ನುವ ಮಾತು ಆಗಲೇ ಅಂಟಿಕೊಂಡಿತ್ತು. ಆ ಅಂಟು ಹಾಕಿದ್ದು 26 ವರ್ಷ ಅಂಗಡಿ ಇಟ್ಟವರು. ಉತ್ಸವ ಹೊಸ ಬೀಜ ಬಿತ್ತಲಿಲ್ಲ, ಉತ್ತು ಗೊಬ್ಬರ ಹಾಕಿದ್ದ ಹೊಲಕ್ಕೆ ಬಂತು.

ಮೊದಮೊದಲು ಕಾರ್ಯಕ್ರಮಗಳು ಊರೊಳಗೇ ನಡೆಯುತ್ತಿದ್ದವು. ಸಭಾಂಗಣ, ಆಮೇಲೆ ಪ್ರಾಥಮಿಕ ಶಾಲೆಯ ಆವರಣ. ಒಂದು ಭಾಷಣ ಮುಗಿದು ಇನ್ನೊಂದು ಶುರುವಾಗುವವರೆಗೆ ಜನ ಬೀದಿಯಲ್ಲಿ ಅಡ್ಡಾಡುತ್ತಿದ್ದರು. 2005ರಲ್ಲಿ ಜಾಗ ಸಾಲದೆ ಉತ್ಸವ ಊರಾಚೆ ಬ್ರೆಕನ್ ರಸ್ತೆಯ ಹೊಲಕ್ಕೆ ಹೋಯಿತು.

ದೂರ ಏನೂ ದೊಡ್ಡದಲ್ಲ, ಕಾಲು ಗಂಟೆಯ ನಡಿಗೆ. ಆದರೆ ಆ ಕಾಲು ಗಂಟೆಯನ್ನು ಅಂಗಡಿಯವನ ಕಣ್ಣಿಂದ ನೋಡಿ. ಒಬ್ಬರು ಹತ್ತು ಗಂಟೆಯ ಭಾಷಣಕ್ಕೆ ಟಿಕೆಟ್ ತೆಗೆದಿದ್ದಾರೆ, ಹನ್ನೊಂದೂವರೆಗೆ ಇನ್ನೊಂದು, ಒಂದು ಗಂಟೆಗೆ ಮತ್ತೊಂದು. ನಡುವಿನ ಅರ್ಧ ಗಂಟೆಯಲ್ಲಿ ಪೇಟೆಗೆ ಹೋಗಿ ಬರುವುದೇ ಆಗುತ್ತದೆ, ಪುಸ್ತಕ ಹುಡುಕುವುದು ಯಾವಾಗ? ಹೊಲದಲ್ಲೇ ದೊಡ್ಡ ಪುಸ್ತಕ ಮಳಿಗೆ ಇದೆ, ಲೇಖಕರು ಅಲ್ಲೇ ಕೂತು ಸಹಿ ಹಾಕುತ್ತಾರೆ. ಊಟ, ಕಾಫಿ, ಐಸ್‌ಕ್ರೀಮ್ ಎಲ್ಲ ಅಲ್ಲೇ. ಹೆರೆಫರ್ಡ್ ರೈಲು ನಿಲ್ದಾಣದಿಂದ ಹೊರಡುವ ಉತ್ಸವದ ಬಸ್ಸು ಜನರನ್ನು ಹೊಲದ ಬಾಗಿಲಿಗೇ ತಂದು ಇಳಿಸುತ್ತದೆ. ಪೇಟೆಯನ್ನು ನೋಡದೆಯೇ "ನಾನು ಹೇ ಊರಿಗೆ ಹೋಗಿ ಬಂದೆ" ಅನ್ನಬಹುದು.

ಇದಕ್ಕಿಂತ ಆಳದ ತೊಡಕು ಒಂದಿದೆ. ಉತ್ಸವಕ್ಕೆ ಬರುವವರು ಹೊಸ ಪುಸ್ತಕದ ಗಿರಾಕಿಗಳು. ಟೀವಿಯಲ್ಲಿ ಕಂಡ ಲೇಖಕ, ಹೋದ ತಿಂಗಳು ಬಂದ ಪುಸ್ತಕ, ಮೊದಲ ಪುಟದಲ್ಲಿ ಸಹಿ. ಹಳೆ ಪುಸ್ತಕದ ಗಿರಾಕಿ ಬೇರೆ ಜಾತಿ. ಅವನಿಗೆ ಗಲಾಟೆ ಆಗದು. ಏಣಿ ಹತ್ತಿ ಮೇಲಿನ ಸಾಲು ನೋಡಬೇಕು, ನೆಲದ ಮೇಲಿನ ಡಬ್ಬ ಕೆದಕಬೇಕು, ಎರಡು ತಾಸು ಯಾರೂ ಮಾತಾಡಿಸಬಾರದು. ಉತ್ಸವದ ಹನ್ನೊಂದು ದಿನ ಅವನು ಊರ ಕಡೆ ತಲೆ ಹಾಕುವುದಿಲ್ಲ, ರೂಮಿನ ಬಾಡಿಗೆ ಕೇಳಿಯೇ ಹೆದರುತ್ತಾನೆ. ಹಾಗಾಗಿ ಊರು ತುಂಬಿದ ದಿನಗಳಲ್ಲೇ ಕೆಲವು ಅಂಗಡಿಗಳಿಂದ ಒಳ್ಳೆ ಗಿರಾಕಿ ಮಾಯ. ಬೂತ್ ಉತ್ಸವವನ್ನು ಬೈಯುತ್ತಿದ್ದುದು ಸುಮ್ನೆ ಹೊಟ್ಟೆಕಿಚ್ಚಿನಿಂದ ಅಂತ ಹಲವರು ನಕ್ಕರು. ಹೊಟ್ಟೆಕಿಚ್ಚೂ ಇತ್ತೇನೋ. ಆದರೆ ಹೊಸ ಪುಸ್ತಕದ ಜಾತ್ರೆ, ಹಳೆ ಪುಸ್ತಕದ ಪೇಟೆ ಎರಡೂ ಬೇರೆ ಬೇರೆ ದಂಧೆ ಅನ್ನುವುದರಲ್ಲಿ ಅವನು ಸರಿಯಿದ್ದ.

ಹಾಗಾದರೆ ದುಡ್ಡು ಯಾರಿಗೆ ಸಿಕ್ಕಿತು? ಮಂಚ ಇದ್ದವರಿಗೆ, ಹೊಲ ಇದ್ದವರಿಗೆ. ಮನೆಯ ಒಂದು ಕೋಣೆ ಬಿಟ್ಟುಕೊಟ್ಟವರು, ಇಡೀ ಮನೆಯನ್ನೇ ಬಾಡಿಗೆಗೆ ಕೊಟ್ಟು ತಾವು ನೆಂಟರ ಮನೆಗೆ ಹೋದವರು, ಕುರಿ ಮೇಯುತ್ತಿದ್ದ ಹುಲ್ಲುಗಾವಲನ್ನು ಕಾರು ನಿಲ್ಲಿಸಲು, ಟೆಂಟು ಹಾಕಲು ಕೊಟ್ಟ ರೈತರು. ಪಬ್ಬು, ಕೆಫೆ, ಟ್ಯಾಕ್ಸಿ. ಕುರಿ ಹಾಲಿನ ಐಸ್‌ಕ್ರೀಮ್ ಮಾಡುವ ಅಲ್ಲಿನದೇ ಒಂದು ರೈತ ಕುಟುಂಬದ ಅಂಗಡಿ ಇದೆ, ಶೆಫರ್ಡ್ಸ್ ಅಂತ. ಅವರಿಗೆ ಪೇಟೆಯಲ್ಲೂ ವ್ಯಾಪಾರ, ಉತ್ಸವದಲ್ಲೂ ವ್ಯಾಪಾರ. ಪುಸ್ತಕದ ಹೆಸರಿನ ಜಾತ್ರೆಯಲ್ಲಿ ಲಾಭ ಐಸ್‌ಕ್ರೀಮಿಗೆ. ನಮ್ಮ ಕಡೆ ಮಂಡಕ್ಕಿ ಮಿರ್ಚಿ ಅಂಗಡಿಯವನ ಕತೆಯೂ ಇದೇ ಅಲ್ವಾ?

ಒಂದು ಮಾತು ಉತ್ಸವದ ಪರವಾಗಿಯೂ ಹೇಳಬೇಕು. ಚಳಿಗಾಲದಲ್ಲಿ, ನವೆಂಬರ್ ಕೊನೆಯ ಹೊತ್ತಿಗೆ, ಅವರೇ ನಡೆಸುವ ಸಣ್ಣ ಉತ್ಸವ ಇದೆ. ಅದು ಹೊಲದಲ್ಲಿ ಅಲ್ಲ, ಊರೊಳಗಿನ ಸಭಾಂಗಣಗಳಲ್ಲೇ. ನಾಲ್ಕು ಗಂಟೆಗೇ ಕತ್ತಲಾಗುವ ದಿನಗಳು. ಒಂದು ಕಾರ್ಯಕ್ರಮದಿಂದ ಇನ್ನೊಂದಕ್ಕೆ ಹೋಗಬೇಕಾದರೆ ಅಂಗಡಿ ಸಾಲಿನ ಮುಂದೆಯೇ ಹೋಗಬೇಕು, ಚಳಿಗೆ ಯಾವುದಾದರೂ ಬಾಗಿಲು ತಳ್ಳಿ ಒಳಗೆ ನಿಲ್ಲಲೇಬೇಕು. ಜನ ಮೇ ತಿಂಗಳಿನಷ್ಟಿಲ್ಲ. ಆದರೆ ಅಂಗಡಿಯವನಿಗೆ ಜನ ಬೇಕಾದದ್ದೇ ಆಗ.

ಇನ್ನೂ ಎರಡು ಗಲಾಟೆ

ಅಂಗಡಿಗಳಿಗೆ ನಿಜವಾದ ಪೆಟ್ಟು ಉತ್ಸವದಿಂದ ಬರಲಿಲ್ಲ, ಇಂಟರ್‌ನೆಟ್‌ನಿಂದ ಬಂತು. ಇಂಥ ಪುಸ್ತಕ ಬೇಕು ಅಂದರೆ ಹೇ ಊರಿಗೆ ಹೋಗಿ ಹುಡುಕು ಅನ್ನುವುದು 1990ರ ದಶಕದವರೆಗಿನ ಮಾತು. ಆಮೇಲೆ ಮನೆಯಲ್ಲೇ ಕೂತು ಹೆಸರು ಒತ್ತಿದರೆ ಇಡೀ ದೇಶದ ಹಳೆ ಪ್ರತಿಗಳು ಬೆಲೆ ಸಮೇತ ಕಾಣುತ್ತವೆ. ಎಲ್ಲ ಒಂದೇ ಊರಲ್ಲಿ ಸಿಗುತ್ತದೆ ಅನ್ನುವ ಹೇ ಊರಿನ ಬಂಡವಾಳವೇ ಕರಗಿತು. ನಲವತ್ತರ ಹತ್ತಿರ ಇದ್ದ ಅಂಗಡಿಗಳು ಈಗ ಸುಮಾರು ಅರ್ಧಕ್ಕೆ ಬಂದಿವೆ. 2009ರಲ್ಲಿ ಕೆಲವು ವ್ಯಾಪಾರಿಗಳು ಸಿಟ್ಟಿಗೆದ್ದು, ರಾಜ ಊರಿಗೆ ಏನೂ ಮಾಡುತ್ತಿಲ್ಲ ಅಂತ ಬೂತ್‌ನ ಬೊಂಬೆ ಮಾಡಿ ಅದರ ತಲೆ ಕಡಿದರು. 2012ರಲ್ಲಿ ಇನ್ನು ಕೆಲವರು ಕಿಂಡಲ್ ಅನ್ನುವ ಓದುವ ಯಂತ್ರವನ್ನು ಊರಲ್ಲಿ ನಿಷೇಧಿಸಬೇಕು ಅಂದರು. ನಿಷೇಧವೇನೂ ಆಗಲಿಲ್ಲ, ಪತ್ರಿಕೆಯಲ್ಲಿ ಮತ್ತೊಮ್ಮೆ ಹೆಸರು ಬಂತು. ರಾಜನ ಶಿಷ್ಯರೇ ತಾನೆ.

ಉಳಿದ ಅಂಗಡಿಗಳು ದಾರಿ ಬದಲಿಸಿದವು. ಎಲ್ಲ ಇಡುವುದು ಬಿಟ್ಟು ಆರಿಸಿ ಇಟ್ಟವು. ಲಯನ್ ಸ್ಟ್ರೀಟಿನಲ್ಲಿದ್ದ ಬೂತ್‌ನ ದೊಡ್ಡ ಅಂಗಡಿಯನ್ನು 2007ರಲ್ಲಿ ಬೇರೆಯವರು ಕೊಂಡರು. ಹೆಸರು ಹಾಗೇ ಉಳಿಸಿಕೊಂಡು, ಕಟ್ಟಡ ಚೊಕ್ಕ ಮಾಡಿ, ಒಳಗೇ ಕೆಫೆ, ಒಂದು ಸಣ್ಣ ಸಿನಿಮಾ ಪರದೆ ಸೇರಿಸಿದರು. ಹುಡುಕುವ ಪುಸ್ತಕ ಇಂಟರ್‌ನೆಟ್‌ನಲ್ಲಿ ಸಿಗುತ್ತದೆ, ಹುಡುಕದೆ ಇದ್ದ ಪುಸ್ತಕ ಸಿಗುವುದು ಅಂಗಡಿಯಲ್ಲಿ. ಆ ಅಡ್ಡಾಟಕ್ಕೇ ಜನ ಬರುತ್ತಾರೆ.

ಇನ್ನೊಂದು ಗಲಾಟೆ 2011, 12ರ ಸುಮಾರಿನದು. ಹಳೆ ಶಾಲೆಯ ಜಾಗದಲ್ಲಿ ಸೂಪರ್ ಮಾರ್ಕೆಟ್ ಕಟ್ಟುವುದು, ಬದಲಿಗೆ ಊರಿಗೆ ಹೊಸ ಶಾಲೆ, ಸಮುದಾಯ ಭವನ ಕಟ್ಟಿಕೊಡುವುದು ಅಂತ ಒಂದು ಯೋಜನೆ ಬಂತು. ಊರು ಎರಡು ಭಾಗವಾಯಿತು. ಅಂಗಡಿಯವರು ವಿರೋಧ. ಮಕ್ಕಳು ಹಳೆ ಕಟ್ಟಡದಲ್ಲಿ ಓದುತ್ತಿದ್ದ ತಂದೆತಾಯಂದಿರಿಗೆ ಹೊಸ ಶಾಲೆ ಬೇಡ ಅನ್ನಲು ಮನಸ್ಸು ಹೇಗೆ ಬರಬೇಕು? "ಪುಸ್ತಕ ಮಾರುವವರಿಗೇನು, ನಮಗೆ ಅಗ್ಗದ ದಿನಸಿ ಬೇಕು" ಅನ್ನುವ ಮಾತು ಯಾವ ಊರಲ್ಲೂ ಸುಳ್ಳಲ್ಲ. ಕೊನೆಗೆ ಆ ಯೋಜನೆ ಬಿದ್ದುಹೋಯಿತು. ಇಂಥ ಪ್ರಕರಣಗಳನ್ನು ಬರೆಯುವಾಗ "ಊರಿನವರು ಗೆದ್ದರು" ಅಂತ ಬರೆಯುವ ಚಾಳಿ ಇದೆ. ಊರಿನವರು ಅನ್ನುವ ಒಂದೇ ಗುಂಪು ಎಲ್ಲಿಯೂ ಇರುವುದಿಲ್ಲ.

ಹೊಲ ಖಾಲಿ ಇದ್ದ ಎರಡು ವರ್ಷ

ಅಂಗಡಿ, ಉತ್ಸವ ಎರಡರಲ್ಲಿ ಯಾರಿಗೆ ಯಾರು ಬೇಕು? ಬಾಯಿ ಮಾತಿನ ವಾದ ಮುಗಿಯುವಂಥದ್ದಲ್ಲ. ಕೊರೊನಾ ಬಂದು ಈ ಪರೀಕ್ಷೆಯನ್ನು ತಾನೇ ಮಾಡಿ ತೋರಿಸಿತು.

2020ರ ಮೇ ತಿಂಗಳಲ್ಲಿ ಹೊಲದಲ್ಲಿ ಡೇರೆ ಏಳಲಿಲ್ಲ. ಉತ್ಸವ ಪೂರ್ತಿ ಇಂಟರ್‌ನೆಟ್‌ಗೆ ಹೋಯಿತು, ಅದೂ ಪುಕ್ಕಟೆ. ಜನ ದೇಶ ದೇಶಗಳಿಂದ ಮನೆಯಲ್ಲೇ ಕೂತು ಕೇಳಿದರು. ಕೇಳುಗರ ಲೆಕ್ಕದಲ್ಲಿ ಉತ್ಸವ ಸೊರಗಲಿಲ್ಲ, ಬೆಳೆಯಿತು. ಅದಕ್ಕೂ ಮೊದಲೇ ಈ ಉತ್ಸವ ತನ್ನ ಹೆಸರು ಹೊತ್ತು ಊರೂರು ತಿರುಗಲು ಕಲಿತಿತ್ತು. ಸ್ಪೇನ್‌ನ ಸೆಗೋವಿಯಾ, ಕೊಲಂಬಿಯಾದ ಕಾರ್ತಹೇನ, 2010ರಲ್ಲಿ ನಮ್ಮ ಪಕ್ಕದ ತಿರುವನಂತಪುರದಲ್ಲೂ ಹೇ ಉತ್ಸವ ನಡೆಯಿತು. ವೈ ನದಿ ಇಲ್ಲದ ಊರಲ್ಲಿ ಹೇ ಅನ್ನುವ ಫಲಕ. ಉತ್ಸವಕ್ಕೆ ಕಾಲಿದೆ. ಅಂಗಡಿಗೆ ಇಲ್ಲ.

ಆ ಬೇಸಿಗೆಯಲ್ಲಿ ವೇಲ್ಸ್‌ನ ಅಂಗಡಿಗಳು ಜೂನ್ ಕೊನೆಯವರೆಗೆ ಬಾಗಿಲು ಹಾಕಿಯೇ ಇದ್ದವು. ಕೋಣೆ ಬಾಡಿಗೆಗೆ ಕೊಡುವವರು, ಹೊಲ ಕೊಡುವವರು ಸುಮ್ನೆ ಕೂತರು. ಹನ್ನೊಂದು ದಿನದ ಗಳಿಕೆಯಲ್ಲಿ ವರ್ಷದ ಲೆಕ್ಕ ಸರಿಮಾಡಿಕೊಳ್ಳುತ್ತಿದ್ದವರಿಗೆ ಆ ವರ್ಷ ದೊಡ್ಡ ಹೊಡೆತ. ಉತ್ಸವ ತಮಗೆ ಏನು ಕೊಡುತ್ತಿತ್ತು ಅಂತ ಅದನ್ನು ಬೈಯುತ್ತಿದ್ದವರಿಗೂ ಆಗ ಗೊತ್ತಾಗಿರಬೇಕು.

2021 ಇನ್ನೂ ಕುತೂಹಲದ್ದು. ಅಂಗಡಿಗಳು ತೆರೆದಿವೆ, ಹೊಲ ಮಾತ್ರ ಖಾಲಿ. ಉತ್ಸವ ಮತ್ತೆ ಇಂಟರ್‌ನೆಟ್‌ನಲ್ಲೇ. ಆದರೆ ಈ ಸಲ ಪ್ರಸಾರ ಮಾಡಲು ಒಂದು ಜಾಗ ಬೇಕಾಯಿತು, ಹಿಂದೆ ಪುಸ್ತಕದ ಸಾಲು ಕಾಣಬೇಕು, ನೋಡಿದ ಕೂಡಲೇ ಇದು ಹೇ ಅನ್ನಿಸಬೇಕು. ಹುಡುಕಿ ಹುಡುಕಿ ಎಲ್ಲಿಗೆ ಹೋದರು ಗೊತ್ತಾ? ಲಯನ್ ಸ್ಟ್ರೀಟಿನ ರಿಚರ್ಡ್ ಬೂತ್ ಪುಸ್ತಕದಂಗಡಿಗೆ. ಹೊಲಕ್ಕೆ ಹೋಗಿ ಹದಿನಾರು ವರ್ಷ ಆಗಿತ್ತು, ಉತ್ಸವ ತಿರುಗಿ ಅಂಗಡಿಯೊಳಗೆ ಬಂದು ಕೂತಿತು. ಇದನ್ನು ನೋಡಲು ಬೂತ್ ಇರಲಿಲ್ಲ. 2019ರ ಆಗಸ್ಟ್‌ನಲ್ಲಿ, 80ನೇ ವಯಸ್ಸಿನಲ್ಲಿ ತೀರಿಕೊಂಡಿದ್ದ. ಇದ್ದಿದ್ದರೆ ಬಾಡಿಗೆ ಕೇಳುತ್ತಿದ್ದನೋ, ಒಂದು ಕರಪತ್ರ ಬರೆಯುತ್ತಿದ್ದನೋ.

2022ರ ಮೇ 26ರಂದು ಹೊಲದಲ್ಲಿ ಮತ್ತೆ ಡೇರೆಗಳು ಎದ್ದವು. ಅದೇ ದಿನ ಊರ ನಡುವಿನ ಕೋಟೆಯೂ ತೆರೆಯಿತು. ಬೂತ್ ಅದನ್ನು 2011ರಲ್ಲಿ ಒಂದು ಟ್ರಸ್ಟಿಗೆ ಮಾರಿದ್ದ. ವರ್ಷಗಟ್ಟಲೆ ರಿಪೇರಿ ಮಾಡಿ, ಜನ ಒಳಗೆ ಬಂದು ನೋಡುವ ಹಾಗೆ, ಕಾರ್ಯಕ್ರಮ ನಡೆಸುವ ಹಾಗೆ ಸಜ್ಜು ಮಾಡಿದ್ದರು. ಪೇಟೆಯ ನಟ್ಟನಡುವೆ, ಹೊಲಕ್ಕೆ ಹೋಗದೆ ನೂರಾರು ಜನ ಸೇರಬಹುದಾದ ಒಂದು ಜಾಗ ಸಿಕ್ಕಿತು.

ಕೋಟೆಯ ಕೆಳಗಿನ ಹುಲ್ಲಿನಲ್ಲಿ ಬಯಲಲ್ಲೇ ನಿಂತ ಕಪಾಟುಗಳಿವೆ. ಮಾರುವವರು ಯಾರೂ ಇಲ್ಲ. ಯಾವ ಅಂಗಡಿಯಲ್ಲೂ ಬೆಲೆ ಬಾರದ ಪುಸ್ತಕಗಳು ಇಲ್ಲಿಗೆ ಬರುತ್ತವೆ: ಹಳೆ ಅಡುಗೆ ಪುಸ್ತಕ, ಯಾರೂ ಓದದ ಜೀವನಚರಿತ್ರೆ, ರಟ್ಟು ಕಿತ್ತ ಕಾದಂಬರಿ. ಮಳೆಗೆ ಪುಟ ಸ್ವಲ್ಪ ಉಬ್ಬಿರುತ್ತವೆ, ಬಿಸಿಲಿಗೆ ಬೆನ್ನು ಬಿಳಿಚಿರುತ್ತದೆ. ಬೇಕಾದ್ದು ಆರಿಸಿಕೊಂಡು ಪಕ್ಕದ ಡಬ್ಬಿಯ ಸಂದಿಯಲ್ಲಿ ದುಡ್ಡು ಹಾಕಿ ಹೋಗಬೇಕು. ಎಣಿಸುವವರಿಲ್ಲ, ಚೀಟಿ ಇಲ್ಲ. ಉತ್ಸವ ಇದ್ದರೂ ಇಲ್ಲದಿದ್ದರೂ, ಫೆಬ್ರವರಿಯ ಮಂಗಳವಾರ ಬೆಳಿಗ್ಗೆ ಮಳೆ ಸುರಿಯುತ್ತಿದ್ದರೂ ಆ ಕಪಾಟಿನ ಮುಂದೆ ಯಾರಾದರೂ ಒಬ್ಬರು ಕುತ್ತಿಗೆ ಓರೆ ಮಾಡಿಕೊಂಡು ಹೆಸರು ಓದುತ್ತಾ ನಿಂತಿರುತ್ತಾರೆ.